ಮುಚ್ಚಳದ ಮೇಲಿನ ಕೆಂಡ

ಉಷ್ಣವು ಮೂರು ಬಗೆಯಲ್ಲಿ ಸಾಗುತ್ತದೆ: ವಹನ, ಸಂವಹನ, ವಿಕಿರಣ. ಏಳನೇ ತರಗತಿಯ ಮಕ್ಕಳಿಗೆ ಈ ಪಾಠವನ್ನು ನಾನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಮೇಣ ಅಂಟಿಸಿದ ಕಬ್ಬಿಣದ ಸರಳು, ಪೊಟ್ಯಾಸಿಯಂ ಪರ್ಮಾಂಗನೇಟಿನ ಹರಳು ಹಾಕಿದ ನೀರು, ಬಿಸಿಲಿಗಿಡುವ ಕಪ್ಪು ಬಿಳಿ ಡಬ್ಬಗಳು ಪ್ರತಿವರ್ಷ ಅದೇ ಕಪಾಟಿನಿಂದ ಹೊರಬಂದು ಅದೇ ಕಪಾಟಿಗೆ ಮರಳುತ್ತವೆ. ಕಳೆದ ಮಳೆಗಾಲದಲ್ಲಿ ಹೀಗೆಯೇ ಪಾಠ ಮುಗಿಸಿ, "ಏನಾದರೂ ಸಂಶಯ ಇದೆಯಾ?" ಎಂದು ವಾಡಿಕೆಯಂತೆ ಕೇಳಿ ಪುಸ್ತಕ ಮುಚ್ಚುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಸರ್, ಬಿಸಿ ಮೇಲಕ್ಕೆ ಹೋಗ್ತದೆ ಅಂತ ನೀವು ಹೇಳಿದ್ರಿ. ಆದರೆ ನನ್ನ ಅಜ್ಜಿ ಗೆಂಡದಡ್ಯೆ ಮಾಡುವಾಗ ಕೆಂಡವನ್ನು ಮುಚ್ಚಳದ ಮೇಲೆ ಇಡ್ತಾರೆ. ಅದು ದಂಡ ಅಲ್ವಾ?"

ತರಗತಿ ನಕ್ಕಿತು. ನಾನೂ ನಕ್ಕೆ. "ಒಳ್ಳೆಯ ಪ್ರಶ್ನೆ, ನಾಳೆ ಹೇಳುತ್ತೇನೆ" ಎಂದೆ. ಮೇಷ್ಟ್ರು 'ಒಳ್ಳೆಯ ಪ್ರಶ್ನೆ' ಎಂದರೆ ಉತ್ತರ ಕೈಯಲ್ಲಿಲ್ಲ ಎಂದು ಅರ್ಥ. ಮಕ್ಕಳಿಗೂ ಅದು ಗೊತ್ತು.

ಬಸ್ಸಿನಲ್ಲಿ ಪಡೀಲಿಗೆ ಮರಳುವಾಗ ನನ್ನನ್ನು ಕಾಡಿದ್ದು ಪ್ರಶ್ನೆಯಲ್ಲ. ಆ ಕೆಂಡವನ್ನು ಚಿಕ್ಕಂದಿನಲ್ಲಿ ಬಚ್ಚಲು ಒಲೆಯಿಂದ ಗೆರಟೆಯಲ್ಲಿ ತುಂಬಿ ತಂದು ಅಮ್ಮನಿಗೆ ಕೊಡುತ್ತಿದ್ದವನು ನಾನೇ. ಬಿ.ಎಸ್ಸಿ. ಓದಿದೆ, ಬಿ.ಎಡ್. ಮಾಡಿದೆ, ಮೂರು ದಶಕ ಉಷ್ಣದ ಪಾಠ ಹೇಳಿದೆ. ಆ ಕೆಂಡಕ್ಕೂ ಈ ಪಾಠಕ್ಕೂ ಸಂಬಂಧ ಇರಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಗೆಂಡದಡ್ಯೆ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ತುಳುವಿನಲ್ಲಿ ಗೆಂಡ ಎಂದರೆ ಕೆಂಡ. ಅಕ್ಕಿ, ಬೆಲ್ಲ, ತೆಂಗಿನಕಾಯಿ, ಜೊತೆಗೆ ಹಲಸಿನ ಹಣ್ಣೋ ಮುಳ್ಳುಸೌತೆಯೋ ಸೇರಿಸಿ ತರಿತರಿಯಾಗಿ ಕಡೆದು, ಬಾಳೆಲೆ ಹಾಸಿದ ಪಾತ್ರೆಗೆ ಸುರಿದು, ಕೆಳಗೂ ಮೇಲೂ ಕೆಂಡವಿಟ್ಟು ಬೇಯಿಸುವ ತಿಂಡಿ. ಕೆಲವು ಮನೆಗಳಲ್ಲಿ ಇದನ್ನು ಕೆಂಡತ್ತಡ್ಯ ಎನ್ನುತ್ತಾರೆ. ಕೊಂಕಣಿ ಮಾತಾಡುವ ಮನೆಗಳ ಮುಳ್ಳುಸೌತೆಯ ತವಸಳಿ ಇದರ ಹತ್ತಿರದ ನೆಂಟ. ಬೇಕರಿ, ಓವನ್ ಎಂಬ ಶಬ್ದಗಳು ನಮ್ಮ ಮನೆಗಳಿಗೆ ಬರುವ ಮೊದಲೇ ನಮ್ಮ ಅಜ್ಜಿಯಂದಿರು ಮಾಡುತ್ತಿದ್ದ ಕೇಕು ಇದು.

ಅಂದು ಸಂಜೆ ಅಮ್ಮನಲ್ಲಿ ಕೇಳಿದೆ. ಅಮ್ಮನಿಗೆ ಈಗ 83. ಕಣ್ಣು ಮಂಜು, ಕೈ ನಡುಗುತ್ತದೆ, ಕಿವಿ ಮಾತ್ರ ಚುರುಕು.

"ಮೇಲೆ ಕೆಂಡ ಇಡದಿದ್ದರೆ ಮೇಲೆ ಬೇಯುವುದು ಹೇಗೆ ಮಾರಾಯ?" ಎಂದರು. ಅಷ್ಟೇ ಉತ್ತರ. ಸ್ವಲ್ಪ ಹೊತ್ತು ಬಿಟ್ಟು, "ಮಾಡಿ ನೋಡಿದರೆ ಗೊತ್ತಾಗ್ತದೆ" ಎಂದು ಸೇರಿಸಿದರು.

ಮಾಡಲು ಪಾತ್ರೆ ಬೇಕಲ್ಲ. ಇಲ್ಲಿ ನಾನೊಂದು ತಪ್ಪು ಒಪ್ಪಿಕೊಳ್ಳಬೇಕು. ತೋಡಿನ ಬದಿಯ ನಮ್ಮ ಹಳೆಯ ಹಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಿದ್ದು 2009ರಲ್ಲಿ. ಆಗ ಅಟ್ಟದಲ್ಲಿದ್ದ ಕಂಚಿನ ಉರುಳಿಯನ್ನೂ ಅದರ ಚಪ್ಪಟೆ ಮುಚ್ಚಳವನ್ನೂ ಬೇರೆ ಹಳೆಯ ಸಾಮಾನಿನೊಂದಿಗೆ ಗುಜರಿಯವನಿಗೆ ತೂಗಿ ಕೊಟ್ಟವನು ನಾನು. ಬಂದ ಹಣದಲ್ಲಿ ಅಡುಗೆಮನೆಗೆ ಮಿಕ್ಸರ್ ಬಂತು. ಅಮ್ಮ ಆಗ ಏನೂ ಹೇಳಲಿಲ್ಲ. ಆಮೇಲೂ ಹೇಳಲಿಲ್ಲ. ಮನೆಯಲ್ಲಿ ಗೆಂಡದಡ್ಯೆ ಆಗುವುದು ಮಾತ್ರ ಅಂದಿಗೆ ನಿಂತಿತ್ತು. ಅದು ನಿಂತದ್ದು ಯಾಕೆಂದು ನಾನೂ ಕೇಳಿರಲಿಲ್ಲ.

ಉರುಳಿಯ ಬದಲಿಗೆ ದಪ್ಪ ಮಣ್ಣಿನ ಬಿಸಲೆಯೊಂದನ್ನು ತಂದು, ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟು, ಗಂಜಿತಿಳಿ ಕುದಿಸಿ ಪಳಗಿಸಿದೆವು. ಮುಚ್ಚಳಕ್ಕೆ ದೋಸೆಯ ಹಳೆಯ ಕಬ್ಬಿಣದ ಕಾವಲಿ. ಇದ್ದಿಲಿಗೆ ತೆಂಗಿನ ಗೆರಟೆ. ಗೆರಟೆಯ ಇದ್ದಿಲು ಗಟ್ಟಿ, ಹೊಗೆ ಕಡಿಮೆ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಮೊದಲನೆಯ ಮಹಾಯುದ್ಧದ ಕೊನೆಯ ವರ್ಷದಲ್ಲಿ ಸೈನಿಕರ ವಿಷಾನಿಲ ಮುಖವಾಡಕ್ಕೆ ತುಂಬಿದ್ದು ಇದೇ ಗೆರಟೆಯ ಇದ್ದಿಲು, ಅದರಲ್ಲಿರುವ ಕೋಟ್ಯಂತರ ಸೂಕ್ಷ್ಮ ರಂಧ್ರಗಳಿಗಾಗಿ. ನಾವು ಅದನ್ನು ಬಚ್ಚಲು ಒಲೆಗೆ ತುರುಕಿ ಸ್ನಾನಕ್ಕೆ ನೀರು ಕಾಯಿಸುತ್ತೇವೆ, ಇರಲಿ.

ಆ ಭಾನುವಾರ ಹಿತ್ತಿಲಿನ ಸೌದೆ ಕೊಟ್ಟಿಗೆಯಲ್ಲಿ ಪ್ರಯೋಗ. ನನ್ನ ಮಗಳು ಸಹಾಯಕಿ, ಅಮ್ಮ ಕುರ್ಚಿಯಲ್ಲಿ ಪ್ರೇಕ್ಷಕಿ. ನಾನು ಮೇಷ್ಟ್ರಲ್ಲವೇ? ಗಡಿಯಾರ, ನೋಟುಪುಸ್ತಕ ಇಟ್ಟುಕೊಂಡು, ಮೇಲೆ ಇಪ್ಪತ್ತು ತುಂಡು, ಕೆಳಗೆ ಇಪ್ಪತ್ತು ತುಂಡು ಎಂದು ಎಣಿಸಿ ಕೆಂಡ ಹರಡಿದೆ. ಅಮ್ಮ ಏನೋ ಹೇಳಹೊರಟರು. "ನೋಡುವ ಅಮ್ಮಾ" ಎಂದೆ. ನಲುವತ್ತು ನಿಮಿಷಕ್ಕೆ ಮುಚ್ಚಳ ತೆಗೆದರೆ ತಳ ಇದ್ದಿಲಾಗಿತ್ತು, ನಡುವೆ ಹಸಿ ಹಿಟ್ಟು, ಮೇಲ್ಭಾಗ ಬಿಳಿಚಿಕೊಂಡು ಬೆವರುತ್ತಿತ್ತು. ಮಗಳು ನೋಟುಪುಸ್ತಕದಲ್ಲಿ 'ಫಲಿತಾಂಶ: ನಾಯಿಗೆ' ಎಂದು ಬರೆದಳು.

ಆದರೆ ಸೋತ ಪ್ರಯೋಗದಷ್ಟು ಕಲಿಸುವ ಪಾಠ ಇನ್ನೊಂದಿಲ್ಲ. ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಗಮನವಿಟ್ಟು ಓದಬೇಕು.

'ಬಿಸಿ ಮೇಲಕ್ಕೆ ಹೋಗುತ್ತದೆ' ಎಂಬುದು ಅರ್ಧ ಸತ್ಯ. ಮೇಲಕ್ಕೆ ಹೋಗುವುದು ಬಿಸಿಯಾದ ಗಾಳಿ ಅಥವಾ ನೀರು; ಹಿಗ್ಗಿ ಹಗುರಾದುದರಿಂದ ಮೇಲೇರುತ್ತದೆ. ಇದು ಸಂವಹನ. ವಿಕಿರಣಕ್ಕೆ ಮೇಲೆ ಕೆಳಗೆ ಎಂಬುದಿಲ್ಲ. ಸೂರ್ಯನ ಕಾವು ಮೇಲಿನಿಂದ ಕೆಳಗಿಳಿದೇ ನಮ್ಮ ಹಪ್ಪಳ ಒಣಗುವುದು. ಮುಚ್ಚಳದ ಮೇಲಿನ ಕೆಂಡದ ಕಾವು ಒಂದಷ್ಟು ಆಕಾಶಕ್ಕೆ ಹೋಗಿ ವ್ಯರ್ಥವಾಗುವುದು ನಿಜ. ಆ ಹುಡುಗಿಯ ಲೆಕ್ಕಾಚಾರ ಪೂರ್ತಿ ತಪ್ಪಲ್ಲ. ಉಳಿದದ್ದು ಕಬ್ಬಿಣವನ್ನು ಕಾಯಿಸುತ್ತದೆ, ಅದು ವಹನ. ಕಾದ ಕಬ್ಬಿಣ ತನ್ನ ಅಡಿಯಿಂದ ಹಿಟ್ಟಿನ ಮೇಲೆ ಕಾವು ಸುರಿಸುತ್ತದೆ, ಅದು ವಿಕಿರಣ. ಮುಚ್ಚಳದ ಅಡಿಯ ಗಾಳಿ ಬಿಸಿಯಾದರೂ ಅದಕ್ಕೆ ಹೋಗಲು ಜಾಗವಿಲ್ಲ. ಹಗುರಾದ್ದರಿಂದ ಮೇಲೆಯೇ ಕೂತಿರುತ್ತದೆ. ನಾನು ಮೂರು ಪೀರಿಯಡ್ಡಿನಲ್ಲಿ ಹೇಳುವ ಮೂರೂ ವಿಧಾನಗಳು ಒಂದು ಬಿಸಲೆಯ ಸುತ್ತ ಇವೆ.

ಇನ್ನೊಂದು ಸಂಗತಿ ನನ್ನ ಪುಸ್ತಕದಲ್ಲಿರಲಿಲ್ಲ. ಮುಚ್ಚಳ ತಣ್ಣಗಿದ್ದರೆ ಹಿಟ್ಟಿನಿಂದೇಳುವ ಹಬೆ ಅದಕ್ಕೆ ತಾಗಿ ನೀರಾಗಿ ತೊಟ್ಟಿಕ್ಕುತ್ತದೆ. ಒದ್ದೆ ಇರುವಷ್ಟು ಹೊತ್ತು ಯಾವ ತಿಂಡಿಯ ಮೈಯೂ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಇಡ್ಲಿ, ಕಡುಬು, ಮೂಡೆ ಎಲ್ಲ ಬೆಳ್ಳಗೆ ಉಳಿಯುವುದು ಇದರಿಂದಲೇ. ಮುಚ್ಚಳ ಕಾದಿದ್ದರೆ ಹಬೆ ನೀರಾಗದೆ ಸಂದಿಯಿಂದ ಹೊರಬೀಳುತ್ತದೆ, ಮೈ ಒಣಗುತ್ತದೆ, ಶಾಖ ಏರಿ ಸುಮಾರು 140 ಡಿಗ್ರಿ ದಾಟಿದಾಗ ಬೆಲ್ಲದ ಸಕ್ಕರೆಗೂ ಕಾಯಿಯ ಪ್ರೋಟೀನಿಗೂ ಸಂಯೋಗವಾಗಿ ಕೆಂಪು ಬಣ್ಣ ಮತ್ತು ಆ ಪರಿಮಳ ಹುಟ್ಟುತ್ತದೆ. 1912ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಲೂಯಿ ಕಮೀಯ್ ಮಯ್ಯಾರ್ ಎಂಬವರ ಹೆಸರೇ ಈ ಕ್ರಿಯೆಗೆ ಉಳಿದಿದೆ. ಬ್ರೆಡ್ಡಿನ ಅಂಚು, ಹುರಿದ ಕಾಫಿ ಬೀಜ, ದೋಸೆಯ ಕೆಂಪು ಎಲ್ಲ ಇದರ ಮಕ್ಕಳು.

ಹಾಗಾದರೆ ನಾನು ಸೋತದ್ದೆಲ್ಲಿ? ಕೆಳಗೆ ಬಿಸಲೆಯ ತಳ ಹಿಟ್ಟಿಗೆ ನೇರ ತಾಗಿಕೊಂಡಿದೆ, ಮೇಲೆ ನಡುವೆ ಗಾಳಿಯಿದೆ. ಎರಡೂ ಕಡೆ ಸಮಸಮ ಕೆಂಡ ಎಂದರೆ ಎರಡೂ ಕಡೆ ಸಮ ಶಾಖ ಎಂದಲ್ಲ.

"ಹೇಳುವ ಅಂತ ಇದ್ದೆ. ಮೇಲೆ ಮುಕ್ಕಾಲು, ಕೆಳಗೆ ಕಾಲು" ಎಂದರು ಅಮ್ಮ.

ಮುಂದಿನ ಭಾನುವಾರ ಅಮ್ಮ ಪ್ರೇಕ್ಷಕಿಯಾಗಿರಲಿಲ್ಲ. ಕುರ್ಚಿಯನ್ನು ಒಲೆಯ ಹತ್ತಿರಕ್ಕೆ ಎಳೆಸಿಕೊಂಡರು. ಕೆಳಗಿನ ಕೆಂಡದ ಮೇಲೆ ಒಂದು ಹಿಡಿ ಬೂದಿ ಉದುರಿಸಲು ಮಗಳಿಗೆ ಹೇಳಿದರು. ಬೂದಿ ಕೆಂಡಕ್ಕೆ ಕಂಬಳಿಯಂತೆ. ಗಾಳಿಯನ್ನೂ ತಡೆಯುತ್ತದೆ, ಕಾವನ್ನೂ ತಡೆಯುತ್ತದೆ. ಗ್ಯಾಸ್ ಒಲೆಯ ತಿರುಗಣೆ ಮಾಡುವ ಕೆಲಸವನ್ನು ಈ ಬೂದಿ ಮಾಡುತ್ತದೆ. ಆಮೇಲೆ ಕಾವಲಿಯ ಮೇಲೆ ಕೆಂಡವನ್ನು ಅಂಚಿನಲ್ಲಿ ದಪ್ಪವಾಗಿ, ನಡುವೆ ತೆಳುವಾಗಿ ಹರಡಿಸಿದರು. ಒಂದು ಮೂಲೆಯನ್ನು ಖಾಲಿ ಬಿಡಿಸಿದರು. ಅದು ಯಾಕೆಂದು ನನಗೆ ತಿಳಿಯಲಿಲ್ಲ.

ಸ್ವಲ್ಪ ಹೊತ್ತಿನ ಬಳಿಕ ಲೋಟದ ನೀರಿಗೆ ಬೆರಳದ್ದಿ ಆ ಖಾಲಿ ಮೂಲೆಗೆ ಚಿಮುಕಿಸಿದರು. ನೀರು ಚುಂಯ್ ಎಂದು ಅಲ್ಲೇ ಇಂಗಿತು. "ಆಗಲಿಲ್ಲ." ಇನ್ನೆರಡು ತುಂಡು ಕೆಂಡ. ಮತ್ತೆ ನೀರು. ಈ ಸಲ ಹನಿ ಇಂಗಲಿಲ್ಲ, ದುಂಡಗಾಗಿ ಕಾವಲಿಯ ಮೇಲೆ ಜಾರಿ ಓಡಿತು. ಕಣ್ಣು ಮಂಜಾದ ಅಮ್ಮ ಅದನ್ನು ನೋಡಲಿಲ್ಲ, ಕೇಳಿದರು. ಸದ್ದು ನಿಂತಿತ್ತು. "ಹಾಂ, ಮುತ್ತು ಓಡಿತು. ಇನ್ನು ಕೆಂಡ ಹಾಕಬೇಡಿ."

ನನಗೆ ರೋಮಾಂಚನವಾಯಿತು. 1756ರಲ್ಲಿ ಜರ್ಮನಿಯ ಲೈಡನ್‌ಫ್ರಾಸ್ಟ್ ಎಂಬ ವೈದ್ಯರು ಕಾದ ಕಬ್ಬಿಣದ ಸೌಟಿನಲ್ಲಿ ನೀರ ಹನಿ ಹಾಕಿ ನೋಡಿ ಬರೆದದ್ದು ಇದನ್ನೇ. ಲೋಹ ಸುಮಾರು 200 ಡಿಗ್ರಿಗೆ ಬಂದಾಗ ಹನಿಯ ತಳ ತಕ್ಷಣ ಆವಿಯಾಗುತ್ತದೆ. ಆ ಆವಿಯೇ ಹಾಸಿಗೆಯಾಗಿ ಹನಿಯನ್ನು ಎತ್ತಿ ಹಿಡಿಯುವುದರಿಂದ ಅದು ಬೇಗ ಬತ್ತದೆ ತೇಲಾಡುತ್ತದೆ. ನಾನು ಬಿ.ಎಸ್ಸಿ.ಯಲ್ಲಿ ಪರೀಕ್ಷೆಗೆ ಬರೆದ ವಿಷಯ. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಅಮ್ಮನಿಗೆ ಅದೇ ಉಷ್ಣಮಾಪಕ, ಅದೂ ಕಿವಿಯಿಂದ ಓದುವ ಉಷ್ಣಮಾಪಕ.

ಮುಕ್ಕಾಲು ಗಂಟೆಯ ಬಳಿಕ ಮುಚ್ಚಳ ಎತ್ತಿದಾಗ ಬಂದ ಪರಿಮಳವನ್ನು ನಾನು ವರ್ಣಿಸುವುದಿಲ್ಲ. ಮೈಯೆಲ್ಲ ಕಂದು, ಒತ್ತಿದರೆ ಹಿಂದಕ್ಕೆ ಬರುವಷ್ಟು ಮೆದು. ತಣಿದ ಮೇಲೆ ತುಂಡು ಮಾಡಿ ಮೊದಲು ಅಮ್ಮನಿಗೆ ಕೊಟ್ಟೆ. ಅವರು ನಿಧಾನವಾಗಿ ತಿಂದು, ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ ಹೇಳಿದರು:

"ಉರುಳಿಯಲ್ಲಾದರೆ ಅಂಚು ಇನ್ನೂ ಕೆಂಪಗಾಗುತ್ತಿತ್ತು."

ಅಷ್ಟು ವರ್ಷಗಳಲ್ಲಿ ಆ ಉರುಳಿಯ ಬಗ್ಗೆ ಅವರು ಆಡಿದ ಮಾತು ಇದೊಂದೇ. ವಿಜ್ಞಾನದ ಪ್ರಕಾರವೂ ಅದು ಸರಿ. ಕಂಚು ಮಣ್ಣಿಗಿಂತ ಹತ್ತಾರು ಪಟ್ಟು ಚೆನ್ನಾಗಿ ಉಷ್ಣ ಸಾಗಿಸುತ್ತದೆ, ಪಕ್ಕದ ಗೋಡೆಗಳೂ ಕಾಯುತ್ತವೆ. ನಾನು ಈ ವಿವರಣೆಯನ್ನು ಅವರಿಗೆ ಹೇಳಲು ಹೋಗಲಿಲ್ಲ.

ಮನೆಯಲ್ಲಿ ಮಾಡುವವರಿಗೆ ಅಳತೆ ಹೀಗಿದೆ. ಬೆಳ್ತಿಗೆ ಅಕ್ಕಿ ಎರಡು ಲೋಟ, ಮೂರು ನಾಲ್ಕು ಗಂಟೆ ನೆನೆಸಿದ್ದು. ಸಿಪ್ಪೆ, ಬೀಜ ತೆಗೆದು ತುರಿದ ಮುಳ್ಳುಸೌತೆ ಎರಡು ಲೋಟ, ಕಾಯಿತುರಿ ಒಂದು ಲೋಟ, ಬೆಲ್ಲ ಒಂದೂಕಾಲು ಲೋಟ, ಚಿಟಿಕೆ ಉಪ್ಪು, ನಾಲ್ಕು ಏಲಕ್ಕಿ. ಮುಳ್ಳುಸೌತೆಯೇ ನೀರು ಬಿಡುವುದರಿಂದ ಬೇರೆ ನೀರು ಸೇರಿಸಬೇಡಿ, ಸೇರಿಸಿದರೂ ಎರಡು ಚಮಚಕ್ಕಿಂತ ಹೆಚ್ಚು ಬೇಡ. ಸಣ್ಣ ರವೆಯಂತೆ ಕಡೆದು, ಬಾಡಿಸಿದ ಬಾಳೆಲೆ ಎರಡು ಪದರ ಹಾಸಿ, ಎರಡು ಬೆರಳು ದಪ್ಪಕ್ಕೆ ಸುರಿಯಿರಿ. ಹಿಟ್ಟಿಗೂ ಮುಚ್ಚಳಕ್ಕೂ ನಡುವೆ ಮೂರು ಬೆರಳು ಜಾಗ ಇರಲಿ. ಹೆತ್ತವರಿಗೆ ಒಂದು ಎಚ್ಚರಿಕೆ: ಇದ್ದಿಲಿನ ಕೆಂಡವನ್ನು ಎಂದಿಗೂ ಮುಚ್ಚಿದ ಕೋಣೆಯೊಳಗೆ ಇಡಬಾರದು. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ತೆಗೆಯುವ ಶಕ್ತಿಯಿದೆ. ಅಂಗಳ, ತೆರೆದ ಕೊಟ್ಟಿಗೆ ಮಾತ್ರ. ಕೆಂಡ ಎತ್ತುವುದು ದೊಡ್ಡವರ ಕೆಲಸ.

ಬಾಳೆಲೆ ಯಾಕೆ ಉರಿದುಹೋಗುವುದಿಲ್ಲ ಎಂದು ಮಗಳು ಕೇಳಿದಳು. ಕಾಗದದ ಲೋಟದಲ್ಲಿ ನೀರು ತುಂಬಿ ಮೇಣದಬತ್ತಿಯ ಮೇಲೆ ಹಿಡಿದರೆ ನೀರು ಬಿಸಿಯಾಗುತ್ತದೆ, ಕಾಗದ ಸುಡುವುದಿಲ್ಲ. ಇಲ್ಲಿಯೂ ಅದೇ. ಹಿಟ್ಟಿನಲ್ಲಿ ಮತ್ತು ಎಲೆಯಲ್ಲಿ ನೀರಿರುವವರೆಗೆ ಎಲೆ ಸುಡದು. ನನ್ನ ಮೊದಲ ಪ್ರಯೋಗದಲ್ಲಿ ಆ ನೀರೂ ಮುಗಿದಿತ್ತು.

ಅಡ್ಯೆ ಬೇಯುವ ಮುಕ್ಕಾಲು ಗಂಟೆ ಅಮ್ಮ ಸುಮ್ಮನೆ ಕೂರಲಿಲ್ಲ. ಹಲಸಿನ ಎಲೆ ನಾಲ್ಕು ತರಿಸಿ, ತುದಿಗಳನ್ನು ಒಂದರ ಮೇಲೊಂದು ಕೂಡಿಸಿ, ಮಡಲಿನ ಕಡ್ಡಿಯ ಚೂರುಗಳಿಂದ ಚುಚ್ಚಿ ಕೊಟ್ಟೆ ಕಟ್ಟುವುದನ್ನು ಮಗಳಿಗೆ ತೋರಿಸಿದರು. ನಡುಗುವ ಕೈ ಕಡ್ಡಿ ಚುಚ್ಚುವಾಗ ಮಾತ್ರ ನಡುಗಲಿಲ್ಲ. ಮಗಳ ಮೊದಲ ಮೂರು ಕೊಟ್ಟೆಗಳು ಬಿಚ್ಚಿಕೊಂಡವು. ನಾಲ್ಕನೆಯದು ನಿಂತಿತು, ಒಂದು ಬದಿಗೆ ವಾಲಿಕೊಂಡು.

"ಮೂಡೆಯೂ ಹೇಳಿಕೊಡಿ ಅಜ್ಜಿ" ಎಂದಳು. ಮೂಡೆಗೆ ಬೇಕಾದ್ದು ಮುಂಡೇವಿನ ಎಲೆ, ಕೇದಗೆಯ ಜಾತಿಯದು. ಉದ್ದ ಎಲೆಯ ಎರಡು ಅಂಚಿನಲ್ಲೂ ಬೆನ್ನ ನರದಲ್ಲೂ ಮುಳ್ಳು. ಮುಳ್ಳು ಸೀಳಿ ತೆಗೆದು, ಬೆಂಕಿಗೆ ಹಿಡಿದು ಬಾಡಿಸಿ, ಸುರುಳಿ ಸುತ್ತಿ ಕೊಳವೆ ಮಾಡಬೇಕು. ಹಲಸಿನೆಲೆಯ ನರಗಳು ಬಲೆಯಂತೆ ಹರಡಿರುವುದರಿಂದ ಯಾವ ಕಡೆ ಚುಚ್ಚಿದರೂ ಸುಲಭಕ್ಕೆ ಹರಿಯದು, ಬಟ್ಟಲಿಗೆ ಸರಿ. ಮುಂಡೇವಿನ ನರಗಳು ಉದ್ದಕ್ಕೆ ಸಮಾನಾಂತರ, ಪಟ್ಟಿಯಾಗಿ ಸುತ್ತಲು ಸರಿ. ದ್ವಿದಳ, ಏಕದಳ ಸಸ್ಯಗಳ ಎಲೆಯ ವ್ಯತ್ಯಾಸ ಎಂದು ನಾವು ಪುಸ್ತಕದಲ್ಲಿ ಚಿತ್ರ ಬರೆಸುವುದು ಇದನ್ನೇ. ನಮ್ಮ ಹಳೆಯ ಮನೆಯ ತೋಡಿನ ಬದಿಯುದ್ದಕ್ಕೂ ಮುಂಡೇವಿನ ಪೊದೆ ಇತ್ತು. ಮಣ್ಣು ಜರಿಯದಂತೆ ದಂಡೆ ಕಾಯುತ್ತಿತ್ತು. ಇವತ್ತು ತೋಡಿಗೆ ಕಾಂಕ್ರೀಟು ಗೋಡೆ ಬಂದಿದೆ. ಪಡೀಲೂ ಬದಲಾಗಿದೆ. ಬೆಂಗಳೂರು ಹೆದ್ದಾರಿ ಅಗಲವಾಯಿತು, ಕಂಕನಾಡಿ ಎಂಬ ಹೆಸರಿದ್ದ ರೈಲು ನಿಲ್ದಾಣ ಮಂಗಳೂರು ಜಂಕ್ಷನ್ ಆಯಿತು, 2025ರ ಮೇ ತಿಂಗಳಲ್ಲಿ ಜಿಲ್ಲಾಧಿಕಾರಿ ಕಚೇರಿಯ ಹೊಸ ಸಂಕೀರ್ಣವೇ ಇಲ್ಲಿ ಉದ್ಘಾಟನೆಯಾಯಿತು. ಬೇಡವೆನ್ನುವವನು ನಾನಲ್ಲ, ನನ್ನ ತಾರಸಿ ಮನೆಯೂ ಆ ಬದಲಾವಣೆಯದೇ ಭಾಗ. ಅಷ್ಟಮಿ, ಚೌತಿ ಬಂದಾಗ ಪೇಟೆಯಲ್ಲಿ ಕಟ್ಟಿಟ್ಟ ಮೂಡೆಯ ಕೊಳವೆಗಳು ಕ್ರಯಕ್ಕೆ ಸಿಗುತ್ತವೆ. ಅದನ್ನು ಕಟ್ಟುವ ಕೈಗಳಿಗೆ ನಾಲ್ಕು ಕಾಸು ಸಿಗುವುದು ಒಳ್ಳೆಯದೇ. ಮಗಳಿಗೆ ಕಲಿಸಲು ಎಲೆ ಮಾತ್ರ ಆ ದಿನ ಸಿಗಲಿಲ್ಲ.

ಗೆಂಡದಡ್ಯೆ ನಮ್ಮ ಕರಾವಳಿಯ ಒಂಟಿ ಕೂಸು ಎಂದುಕೊಂಡಿದ್ದೆ. ಹಾಗಲ್ಲ. ಗೋವೆಯ ಬಿಬಿಂಕಾವನ್ನು ಹಳೆಯ ಕ್ರಮದಲ್ಲಿ ಪದರದ ಮೇಲೆ ಪದರ ಸುರಿದು ಮೇಲಿನ ಕೆಂಡದ ಕಾವಿನಿಂದಲೇ ಬೇಯಿಸುತ್ತಾರೆ. ಇನ್ನೂ ದೂರದ ಫಿಲಿಪೀನ್ಸಿನಲ್ಲಿ ಬಿಬಿಂಗ್ಕಾ ಎಂಬ ತಿಂಡಿಯಿದೆ. ಅಕ್ಕಿ ಹಿಟ್ಟು, ತೆಂಗಿನ ಹಾಲು, ಮಣ್ಣಿನ ಪಾತ್ರೆ, ಒಳಗೆ ಬಾಳೆಲೆ, ಕೆಳಗೂ ಮೇಲೂ ಕೆಂಡ. ತೆಂಗು, ಬಾಳೆ, ಅಕ್ಕಿ ಇರುವಲ್ಲಿ ಮನುಷ್ಯನ ಬುದ್ಧಿ ಒಂದೇ ದಾರಿ ಹಿಡಿಯುತ್ತದೆಯೋ ಏನೋ. ಪೇಟೆಯ ಬೇಕರಿ ಕೇಕು ನಮ್ಮ ಕಡೆಗೆ ಬಂದದ್ದು ತಡವಾಗಿ. ನಮ್ಮ ನೆರೆಯ ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು ಅವರು ಕ್ರಿಸ್ಮಸ್ ಕೇಕು ಮಾಡಿದ್ದು 1883ರಲ್ಲಿ ಎನ್ನುತ್ತಾರೆ.

ಕೆಂಡಕ್ಕೆ ಅನುಕೂಲವಿಲ್ಲದ ಫ್ಲ್ಯಾಟಿನ ಮಕ್ಕಳು ಬೇಸರಿಸಬೇಕಿಲ್ಲ. ದಪ್ಪ ತಳದ ಹಳೆಯ ಪಾತ್ರೆಯಲ್ಲಿ ಎರಡು ಬೆರಳು ಒಣ ಮರಳು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ಮೈದಾ ಒಂದೂವರೆ ಲೋಟ, ಸಕ್ಕರೆ ಮುಕ್ಕಾಲು, ಮೊಸರು ಒಂದು, ಎಣ್ಣೆ ಅರ್ಧ ಲೋಟ, ಬೇಕಿಂಗ್ ಪೌಡರ್ ಒಂದು ಚಹಾ ಚಮಚ, ಅಡುಗೆ ಸೋಡ ಅರ್ಧ ಚಮಚ. ಕಲಸಿದ ತಕ್ಷಣ ಎಣ್ಣೆ ಸವರಿದ ತಟ್ಟೆಗೆ ಹಾಕಿ ಮರಳಿನ ಮೇಲಿಡಿ. ಮೊಸರಿನ ಆಮ್ಲಕ್ಕೆ ಸೋಡ ಕೂಡಿದ ಕ್ಷಣದಿಂದಲೇ ಇಂಗಾಲದ ಡೈಆಕ್ಸೈಡ್ ಹೊರಟಿರುತ್ತದೆ, ತಡಮಾಡಿದರೆ ಗುಳ್ಳೆ ಹೋಗಿ ಕೇಕು ಕಲ್ಲಾಗುತ್ತದೆ. ಬೇಕಿಂಗ್ ಪೌಡರ್ ಕಂಡುಹಿಡಿದ ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್ (1843) ಅದನ್ನು ಮಾಡಿದ್ದು, ಯೀಸ್ಟ್ ಒಗ್ಗದ ತನ್ನ ಹೆಂಡತಿಗಾಗಿ. ನಲುವತ್ತು ನಿಮಿಷಕ್ಕೆ ಕೇಕು ಬೇಯುತ್ತದೆ, ಉಬ್ಬುತ್ತದೆ, ರುಚಿಯೂ ಇರುತ್ತದೆ. ಆದರೆ ಮೇಲ್ಭಾಗ ಬೆಳ್ಳಗೇ ಉಳಿಯುತ್ತದೆ. ಯಾಕೆಂದು ಈಗ ನೀವೇ ಹೇಳಬಲ್ಲಿರಿ.

ಸೋಮವಾರ ಗೆಂಡದಡ್ಯೆಯ ಎರಡು ತುಂಡು ಡಬ್ಬದಲ್ಲಿ ಹಾಕಿಕೊಂಡು ತರಗತಿಗೆ ಹೋದೆ. 'ನಾಳೆ ಹೇಳುತ್ತೇನೆ' ಎಂದದ್ದಕ್ಕೆ ಹತ್ತು ದಿನ ತಡವಾಗಿತ್ತು. ಕಪ್ಪುಹಲಗೆಯಲ್ಲಿ ಬಿಸಲೆಯ ಚಿತ್ರ ಬರೆದು ಬಾಣದ ಗುರುತುಗಳನ್ನು ಮಕ್ಕಳಿಂದಲೇ ಹಾಕಿಸಿದೆ. ಆ ಹುಡುಗಿ ತುಂಡನ್ನು ತಿಂದು, ಸ್ವಲ್ಪ ಯೋಚಿಸಿ ಹೇಳಿದಳು:

"ಚೆನ್ನಾಗಿದೆ ಸರ್. ಆದರೆ ನಮ್ಮ ಅಜ್ಜಿ ಮುಚ್ಚಳದ ಮೇಲೆ ಕೆಂಡ ಇಟ್ಟ ಮೇಲೆ ಅದರ ಮೇಲೆ ಒಂದು ಹಂಚಿನ ತುಂಡು ಮುಚ್ಚುತ್ತಾರೆ. ಅದು ಯಾಕೆ?"

"ಆಕಾಶಕ್ಕೆ ಹೋಗುವ ಬಿಸಿಯನ್ನು ಹಿಂದಕ್ಕೆ ಕಳಿಸಲಿಕ್ಕೆ!" ಎಂದು ಮುಂದಿನ ಬೆಂಚಿನ ಹುಡುಗನೊಬ್ಬ ನನಗಿಂತ ಮೊದಲೇ ಕೂಗಿದ. ಈ ಭಾನುವಾರಕ್ಕೆ ಒಂದು ಹಂಚು ಹುಡುಕಿಟ್ಟಿದ್ದೇನೆ. ಹಳೆಯ ಮನೆಯ ಮಾಡಿನದು, ಹಿತ್ತಿಲಿನಲ್ಲಿ ತುಳಸಿಗೆ ಒರಗಿಸಿದ್ದು ಒಂದು ಉಳಿದಿತ್ತು.